ಮಾವನವರಿಗೆ ಎಂಟು ಇಂಚಿನ ಸ್ಪೀಕರ್ ಸಾಕೆಂದು ಅರಿಕೆ

ಪೂಜ್ಯ ಮಾವನವರ ಸನ್ನಿಧಾನಕ್ಕೆ,

ಸ್ಪೀಕರು, ಮೈಕು ಬಾಡಿಗೆಗೆ ಕೊಟ್ಟು ಹೊಟ್ಟೆ ಹೊರೆಯುವ ನಿಮ್ಮ ಏಕೈಕ ಅಳಿಯನ ನಮಸ್ಕಾರಗಳು. ಎರಡು ಬೀದಿ ಆಚೆ ಇದ್ದುಕೊಂಡು ಕಾಗದ ಬರೆಯುವುದು ವಿಚಿತ್ರವೇ ಸರಿ. ಆದರೆ ಎದುರಿಗೆ ಬಂದರೆ ನೀವು ಪೇಪರನ್ನು ಮುಖದ ಮಟ್ಟಕ್ಕೆ ಎತ್ತುತ್ತೀರಿ. ಫೋನ್ ಮಾಡಿದರೆ ಅತ್ತೆಯ ಕೈಗೆ ದಾಟಿಸುತ್ತೀರಿ. ಕಾಗದವಾದರೆ, ಕಾಗುಣಿತದ ತಪ್ಪು ಹುಡುಕುವುದಕ್ಕಾದರೂ ಕೊನೆಯವರೆಗೆ ಓದುತ್ತೀರಿ ಎಂಬ ಧೈರ್ಯ.

ಬರುವ ಭಾನುವಾರ ಅತ್ತೆಗೆ ಎಪ್ಪತ್ತು ತುಂಬುತ್ತದೆ. ವಾಚನಾಲಯದ ಮಹಡಿಯ ಹಾಲ್ ಹಿಡಿದಾಗಿದೆ. ಅರವತ್ತು ಕುರ್ಚಿ. ನೀವು ಎರಡು ಮಾತಾಡಬೇಕೆಂದು ಎಲ್ಲರೂ ಕೇಳಿದ್ದಕ್ಕೆ ನಿಮ್ಮ ಮಗಳ ಕೈಯಲ್ಲಿ ಚೀಟಿ ಕಳಿಸಿದಿರಿ: ‘ಗಂಟಲಿರುವವರು ಯಾರಾದರೂ ಮಾತಾಡಲಿ.’ ಕೆಳಗೆ ಸಹಿ, ತಾರೀಖು. ಆ ಆದೇಶದ ವಿರುದ್ಧ ಈ ಮೇಲ್ಮನವಿ.

ನಿಮ್ಮ ಗಂಟಲಿನ ಪರಿಚಯ ನನಗಾದದ್ದು ನಿಮ್ಮ ಮಗಳನ್ನು ಕೇಳಲು ಬಂದ ದಿನ. ಶಾಲೆಯ ಮೈದಾನದಲ್ಲಿ ನಾನೂರು ಮಕ್ಕಳನ್ನು ಮೈಕಿಲ್ಲದೆ ಎಡಕ್ಕೂ ಬಲಕ್ಕೂ ತಿರುಗಿಸಿದ ಡ್ರಿಲ್ ಮೇಷ್ಟರು ನೀವು. ಮೂರು ಅಡಿ ದೂರದಲ್ಲಿ ಕೂತಿದ್ದ ನನ್ನನ್ನು ಆ ಮೈದಾನದ ಕೊನೆಯಲ್ಲಿರುವವನಂತೆ ವಿಚಾರಿಸಿದಿರಿ.

“ಸೌಂಡ್ ಸಿಸ್ಟಮ್ ಬಾಡಿಗೆಗೆ ಕೊಡೋದು ಅಂದ್ರೆ? ಗಂಟಲಿಲ್ದೋರಿಗೆ ಗಂಟಲು ಬಾಡಿಗೆ ಕೊಡೋದು. ಅದೂ ಒಂದು ಕಸುಬೇನ್ರೀ?”

ಒಳಗಿನಿಂದ ಅತ್ತೆ ಹೇಳಿದರು: “ಸ್ವಲ್ಪ ಮೆಲ್ಲಗೆ ಕೇಳಿ. ಪಕ್ಕದ ಮನೆಯೋರು ಉತ್ತರ ಕೊಟ್ಟುಬಿಟ್ಟಾರು.”

ಹೋದ ವರ್ಷ ಗಂಟಲಿನ ಆಪರೇಷನ್ ಆಯಿತು. ಡಾಕ್ಟರು ನಿಮ್ಮನ್ನು ಉಳಿಸಿಕೊಟ್ಟರು, ದನಿಯಲ್ಲಿ ಮಾತ್ರ ಒಂದು ಪಿಸುಮಾತಿನಷ್ಟನ್ನು ಬಿಟ್ಟರು. ಅದನ್ನೇ ಬಚ್ಚಲುಮನೆಯಲ್ಲಿ ತಿಂಗಳುಗಟ್ಟಲೆ ಸಾಧನೆ ಮಾಡಿ, ನಿವೃತ್ತ ಶಿಕ್ಷಕರ ಕೂಟದಲ್ಲಿ ಮಾತಾಡಲು ಹೊರಟಿರಿ. ತಗ್ಗು ಸೂರಿನ ಕೋಣೆ, ಮೂವತ್ತು ಜನ. ನನ್ನ ಮಾವನ ಮರುಪ್ರವೇಶಕ್ಕೆ ಚಿಕ್ಕ ಸ್ಪೀಕರ್ ಡಬ್ಬ ತಂದರೆ ಮರ್ಯಾದೆ ಉಳಿದೀತೇ ಎಂದು ನಾನು ಕ್ರೀಡಾಕೂಟಗಳಿಗೆ ಒಯ್ಯುವ ಹದಿನೈದು ಇಂಚಿನ ಜೋಡಿಯನ್ನು, ನಾಲ್ಕು ಜನರಿಂದ ಹೊರಿಸಿ, ನಿಮ್ಮ ಅಕ್ಕಪಕ್ಕದಲ್ಲಿ ದ್ವಾರಪಾಲಕರಂತೆ ನಿಲ್ಲಿಸಿದೆ.

ಆಮೇಲಿನದು ನಿಮಗೆ ಗೊತ್ತು. ಎರಡನೆಯ ವಾಕ್ಯಕ್ಕೆ ಡಬ್ಬಗಳು ಕಿರುಚಿದವು. ಮುಂದಿನ ಸಾಲಿನ ಗಣಿತದ ಮೇಷ್ಟರು ಕಿವಿಯ ಯಂತ್ರ ಕಿತ್ತು ಜೇಬಿಗೆ ಹಾಕಿಕೊಂಡರು. ನೀವು ಕಾಫಿ ಲೋಟ ಇಟ್ಟಷ್ಟೇ ಮೆಲ್ಲಗೆ ಮೈಕ್ ಇಟ್ಟು ಕೂತಿರಿ. ವ್ಯಾನಿನಲ್ಲಿ ವಾಪಸು ಬರುವಾಗ ಒಂದೇ ಮಾತು ಆಡಿದಿರಿ: “ನಂದು ಮುಗೀತು ಬಿಡಿ.”

ನಾನು ಗಾಡಿ ಓಡಿಸುತ್ತಲೇ ಇದ್ದೆ. ಅಂದು ಹೇಳಬೇಕಾಗಿದ್ದದ್ದನ್ನು ಇಂದು ಬರೆಯುತ್ತಿದ್ದೇನೆ: ಕೆಟ್ಟದ್ದು ನಿಮ್ಮ ಗಂಟಲಲ್ಲ ಮಾವ, ನನ್ನ ಲೆಕ್ಕಾಚಾರ. ಇಪ್ಪತ್ತೆಂಟು ವರ್ಷದ ಕಸುಬುದಾರ, ಹೊಸಬರೂ ಮಾಡದ ತಪ್ಪು ಮಾಡಿದೆ. ನೀವು ನಿಮ್ಮ ಗಂಟಲನ್ನು ಬೈದುಕೊಳ್ಳುತ್ತಿರುವಾಗ ಸುಮ್ಮನೆ ಕೂತೆ.

ನೋಡಿ, ಬಯಲಿನಲ್ಲಿ ಸದ್ದನ್ನು ತಡೆದು ನಿಲ್ಲಿಸಲು ಗೋಡೆಯಿಲ್ಲ. ಅದು ಓಡಿಹೋಗುತ್ತದೆ, ಅಲ್ಲಿಗೆ ದೊಡ್ಡ ಡಬ್ಬ ಬೇಕು. ಜನ ಕುಣಿಯಬೇಕೆಂದರೂ ಬೇಕು. ಎದೆಗೆ ಗುದ್ದುವ ಡೋಲಿನ ಸದ್ದನ್ನು ಸಣ್ಣದು ಹೊರಲಾರದು. ಕೋಣೆಯೊಳಗೆ ಆಡುವ ಮಾತಿಗೆ ಈ ಗುದ್ದು ಯಾಕೆ? ನಿಮ್ಮ ಮೆಲುದನಿಯನ್ನು ಆ ದೈತ್ಯರಿಗೆ ಮುಟ್ಟಿಸಲು ನಾನು ಗುಂಡಿ ತಿರುವುತ್ತಾ ಹೋದೆ. ಮೈಕಿಗೆ ವಿವೇಕವಿಲ್ಲ. ನಿಮ್ಮ ಬಾಯಿಂದ ಬಂದದ್ದನ್ನೂ ಪಕ್ಕದ ಡಬ್ಬದಿಂದ ಬಂದದ್ದನ್ನೂ ಒಟ್ಟಿಗೆ ನುಂಗುತ್ತದೆ. ಡಬ್ಬ ಅದನ್ನೇ ಉಗುಳುತ್ತದೆ, ಮೈಕು ಮತ್ತೆ ನುಂಗುತ್ತದೆ. ಆ ಕಿರುಚಾಟವೆಂದರೆ ಇಷ್ಟೇ, ಅವೆರಡರ ಅಸಹ್ಯ ಊಟ.

ವಾಚನಾಲಯದ ಹಾಲ್ ರೈಲಿನ ಡಬ್ಬಿಯಂತೆ ಉದ್ದ, ಇಕ್ಕಟ್ಟು. ಮುಂದೊಂದು ದೊಡ್ಡದನ್ನಿಟ್ಟರೆ ಹಿಂದಿನವರಿಗೆ ಕೇಳಿಸಲು ಮುಂದಿನವರ ಕಿವಿ ಹರಿಯಬೇಕು. ಆದ್ದರಿಂದ ಎಂಟು ಇಂಚಿನವು ನಾಲ್ಕು: ಎರಡು ನಿಮ್ಮ ಮೇಜಿಗಿಂತ ಮುಂದೆ, ಬೆನ್ನು ನಿಮ್ಮ ಕಡೆಗೆ, ಎರಡು ಹಾಲ್‌ನ ನಡುವೆ. ನಾಲ್ಕೂ ಮೆಲ್ಲಗೆ ಮಾತಾಡುತ್ತವೆ. ಮೈಕು ನಿಮ್ಮ ತುಟಿಗೆ ಎರಡು ಬೆರಳು ದೂರ.

ಇನ್ನೊಂದು ತಪ್ಪೊಪ್ಪಿಗೆ. ಗುರುವಾರ ಮಧ್ಯಾಹ್ನ ಮನೆಯ ರಗ್ಗು, ಜಮಖಾನ, ನಿಮ್ಮ ಕಂಬಳಿ ಸಮೇತ ಮಾಯವಾಗಿ ನೀವು ಬರಿಮಂಚದಲ್ಲಿ ಮಲಗಿದಿರಂತೆ. ಕದ್ದವನು ನಾನು, ಹೊತ್ತು ತಂದವರು ಅತ್ತೆ. ಖಾಲಿ ಹಾಲ್ ಗುಂಯ್‌ಗುಡುತ್ತದೆ. ಜನ ಬಂದು ಕೂತರೆ ಬಟ್ಟೆಬರೆ ಸಮೇತ ಸದ್ದು ಕುಡಿಯುತ್ತಾರೆ. ಪರೀಕ್ಷೆಗೆ ಅರವತ್ತು ಜನರನ್ನು ಎಲ್ಲಿಂದ ತರಲಿ? ಕುರ್ಚಿಗಳಿಗೇ ಹೊದಿಸಿದೆವು. ನಿಮ್ಮ ಕಂಬಳಿ ಮೂರನೆಯ ಸಾಲಿನಲ್ಲಿ ಬಹಳ ಗಂಭೀರವಾಗಿ ಕೂತಿತ್ತು.

ಅತ್ತೆ ಕೊನೆಯ ಸಾಲಿನಲ್ಲಿ ಬೆನ್ನು ತಿರುಗಿಸಿ ಜಮಖಾನ ಹಾಸುತ್ತಿದ್ದರು. ಅವರಿಗೆ ಹೇಳದೆ ನನ್ನ ಫೋನಿನಿಂದ, ನೀವು ಆಪರೇಷನ್ ಆದಮೇಲೆ ಕಳಿಸಿದ ಒಂದೇ ಒಂದು ಧ್ವನಿ ಸಂದೇಶವನ್ನು ಆ ನಾಲ್ಕು ಡಬ್ಬಗಳಲ್ಲಿ ಹಾಕಿದೆ: “ಬರುವಾಗ ಬಚ್ಚಲಿಗೊಂದು ಬಲ್ಬ್ ತನ್ನಿ. ಬಿಳೀದು ಬೇಡ, ಹಳದಿ.”

ಅತ್ತೆ ತಿರುಗಲೂ ಇಲ್ಲ. “ಹಳದೀದು ಆ ಅಂಗಡೀಲಿ ಸಿಗಲ್ಲ ಅಂತ ಎಷ್ಟು ಸಲ ಹೇಳೋದು ನಿಮಗೆ?”

ಆಮೇಲೆ ತಿರುಗಿದರು. ಮೇಜಿನ ಹಿಂದೆ ಯಾರೂ ಇರಲಿಲ್ಲ. ಕೈಯಲ್ಲಿದ್ದ ಜಮಖಾನದ ಸಮೇತ ಕೂತುಬಿಟ್ಟರು.

“ಇನ್ನೊಂದ್ಸಲ ಹಾಕಿ” ಎಂದರು.

ನಾಲ್ಕು ಸಲ ಹಾಕಿದೆ. ಒಂದು ಬಲ್ಬಿನ ವಿಚಾರವನ್ನು ಯಾರೂ ಅಷ್ಟು ಶ್ರದ್ಧೆಯಿಂದ ಕೇಳಿದ್ದನ್ನು ನಾನು ಕಂಡಿಲ್ಲ. ಕೊನೆಗೆ ಕನ್ನಡಕ ಒರೆಸುತ್ತಾ ಹೇಳಿದರು: “ಮೊದಲು ಕೂಗ್ತಿದ್ರಲ್ಲ, ಆಗ ನನಗೆ ಹೇಳ್ತಿದಾರೋ ಬೀದಿಗೆ ಹೇಳ್ತಿದಾರೋ ಗೊತ್ತೇ ಆಗ್ತಿರ್ಲಿಲ್ಲ. ಇದು ನನಗೇ ಹೇಳಿದ ಹಾಗಿದೆ.”

ಇದನ್ನು ನಿಮಗೆ ತಿಳಿಸಬಾರದೆಂದು ಅಪ್ಪಣೆಯಾಗಿದೆ. ಅಪ್ಪಣೆ ಮುರಿದದ್ದಕ್ಕೆ ನನಗಾಗುವ ಶಿಕ್ಷೆಯಲ್ಲಿ ಅರ್ಧ ನಿಮ್ಮದು.

ಶನಿವಾರ ನಾಲ್ಕು ಗಂಟೆಗೆ ಹಾಲ್ ತೆರೆದಿರುತ್ತದೆ. ಬಂದು ಒಂದು ಸಾಲು ಹೇಳಿ ನೋಡಿ, ಬಲ್ಬಿನದಾದರೂ ಸರಿ. ಕೇಳಿಸದಿದ್ದರೆ ನಿಮ್ಮ ಚೀಟಿಗೆ ನಾನೂ ಸಹಿ ಹಾಕುತ್ತೇನೆ. ಕೇಳಿಸಿತೋ ಇಲ್ಲವೋ ಎಂದು ತೀರ್ಪು ಕೊಡಲು ಕೊನೆಯ ಸಾಲಿನಲ್ಲಿ ನಾನೇ ಕೂರುವವನಿದ್ದೆ. ಆ ಕುರ್ಚಿ ತನಗೇ ಬೇಕೆಂದು ಅತ್ತೆ ಹಟ ಹಿಡಿದಿದ್ದಾರೆ.

ನಿಮ್ಮ ದನಿ ಇದ್ದಷ್ಟೇ ಇದ್ದು, ನೂರು ಕಾಲ ಬಾಳಲಿ.

ಗಂಟಲು ಬಾಡಿಗೆಗೆ ಕೊಡುವ,
ನಿಮ್ಮ ಅಳಿಯ