ತೀರಿಕೊಂಡವರ ಪಾಲು

ಥಾರ್ನ್‌ಹೋಮ್, ಯಾರ್ಕ್‌ಷೈರ್
ಸಂತ ಮಾರ್ಟಿನರ ಹಬ್ಬದ ಮರುದಿನ, ೧೫೫೧

ಮನೆಯ ಯಜಮಾನರಾದ ರಾಲ್ಫ್ ಅವರಿಗೆ, ಇನ್ನೂ ನಿಮ್ಮವಳೇ ಆದ ಜೆನೆಟ್ ಬರೆಯುವುದು.

ಕ್ರಿಸ್‌ಮಸ್ಸಿನೊಳಗೆ ನೀವು ಕೊಂಡ ಮಠದ ಊಟದ ಸಾಲೆಯನ್ನೂ ಕೆಡವಿಸಿ ಕಲ್ಲು ರಾಶಿ ಹಾಕಿಸಬೇಕೆಂದು ಹಲ್ ಬಂದರಿನಿಂದ ಹೇಳಿಕಳಿಸಿದ್ದಿರಿ. ಕೆಡವಿಸಿಲ್ಲ. ಪೂರ್ತಿ ಓದಿದ ಮೇಲೆ ಸಿಟ್ಟಾಗಿ; ಓದುವ ಮೊದಲೇ ಸಿಟ್ಟಾಗುವುದು ನಿಮ್ಮ ಹಳೆಯ ಚಾಳಿ.

ಆಳುಗಳನ್ನು ಕರೆದುಕೊಂಡು ನಾನೇ ಹೋದೆ. ರಾಜರ ಜನ ಮಠ ಮುಚ್ಚಿಸಿ, ಸಂತ ಬೆನೆಡಿಕ್ಟನ ಪಂಥದ ಸನ್ಯಾಸಿಗಳನ್ನು ಹೊರಗಟ್ಟಿ, ಸೂರಿಗೆ ಹೊದಿಸಿದ್ದ ಸೀಸದ ತಗಡು ಕರಗಿಸಿ ಒಯ್ದ ಮೇಲೆ ನಾನು ಒಳಗೆ ಕಾಲಿಟ್ಟದ್ದು ಅದೇ ಮೊದಲು. ಸೂರಿಲ್ಲದ ಗೋಡೆಗಳು ನೇರ ಆಕಾಶಕ್ಕೆ ಹೋಗಿದ್ದವು. ನೋಡುತ್ತ ನೋಡುತ್ತ ಕುತ್ತಿಗೆ ನೋವು ಬಂತು, ಕಣ್ಣೂ ತುಂಬಿತು. ಮುಗಿದದ್ದನ್ನು ತಾವು ಕಾಣುವುದಿಲ್ಲವೆಂದು ಗೊತ್ತಿದ್ದೂ ಅಜ್ಜ, ಮಗ, ಮೊಮ್ಮಗ ಒಬ್ಬರಾದ ಮೇಲೊಬ್ಬರು ಕಟ್ಟಿದ್ದಂತೆ ಆ ಗೋಡೆ. ಅದೇ ಕಲ್ಲಿನಲ್ಲಿ ನೀವು ಕಟ್ಟಿಸಿದ ಕೊಟ್ಟಿಗೆ ಎರಡೇ ಮಳೆಗೆ ಬಾಗಿದ್ದು ನೆನಪಾಗಿ ನಾಚಿಕೆಯಾಯಿತು. ಮೇಸ್ತ್ರಿ ಗಿಲ್ಬರ್ಟ್ ಒಂದು ಪೆಟ್ಟು ಹಾಕಿ ನೋಡಿ, "ಅಮ್ಮಾವ್ರೇ, ಈ ಗಾರೆ ಮುಂದೆ ನಮ್ ಹಾರೆ ಬರೀ ಹಲ್ಲುಕಡ್ಡಿ" ಎಂದ.

ಆಗ ಕಂಡೆ. ಹುಲ್ಲು ಬೆಳೆದ ನೆಲದಲ್ಲಿ ಉಳಿದಿದ್ದ ಕಲ್ಲುಬೆಂಚಿನ ಮೇಲೆ ರೊಟ್ಟಿ, ಚೀಸು, ಒಂದು ಬಟ್ಟಲು ಬಿಯರು. ಪಕ್ಕದಲ್ಲಿ ಮುದುಕರಾದ ಆಸ್ವಾಲ್ಡ್ ಸ್ವಾಮಿ. ಹೊರಹಾಕಿಸಿಕೊಂಡವರಲ್ಲಿ ಊರು ಬಿಡದೆ ಉಳಿದವರು ಅವರೊಬ್ಬರೇ. ಸನ್ಯಾಸಿಯೊಬ್ಬ ತೀರಿಕೊಂಡರೆ ಒಂದು ತಿಂಗಳು ದಿನವೂ ಅವನ ಊಟವನ್ನು ಅವನ ಜಾಗದಲ್ಲೇ ಬಡಿಸಿಟ್ಟು, ಆಮೇಲೆ ಅದನ್ನು ಹಸಿದವರಿಗೆ ಕೊಡುವುದು ಮಠದ ಪದ್ಧತಿ. ಚದುರಿಹೋದವರಲ್ಲಿ ಯಾರು ಎಲ್ಲಿ ಸತ್ತ ಸುದ್ದಿ ಬಂದರೂ ಮುದುಕರು ಇಲ್ಲಿ ಊಟ ಇಡುತ್ತಾರೆ. ಈ ಮಠ ಸತ್ತಿದೆ ಎಂದುಕೊಂಡಿದ್ದೆ ನಾನು. ಅಲ್ಲಿ ಇನ್ನೂ ಪಂಕ್ತಿ ನಡೆಯುತ್ತಿತ್ತು, ರಾಲ್ಫ್.

ಇದನ್ನು ಕೆಡವಬೇಕಾಗಿದೆ ಎಂದು ತೊದಲಿದೆ. ಅವರು ಬೈಯಲಿಲ್ಲ.

"ನಿನ್ ಗಂಡನ್ನ ನಾ ಬಲ್ಲೆ, ಮಗಳೇ," ಎಂದರು. "ಜ್ವರ ಬಂದ ವರ್ಷ ನಾವು ಒಬ್ಬೊಬ್ರಾಗಿ ಸಾಯ್ತಿದ್ವಿ. ನಿನ್ ಗಂಡ ಆಗಿನ್ನೂ ಕೂಸು; ಆ ಸತ್ತೋರ ಪಾಲು ತಿಂದೇ ಆ ಕೂಸು ಚಳಿಗಾಲ ದಾಟ್ತು."

ಯಾರ್ಕಿನ ವ್ಯಾಪಾರಿಯ ಮನೆಯಲ್ಲಿ ಕುರಿಮಾಂಸ ತಿಂದು ಬೆಳೆದೆ ಎಂದಿದ್ದಿರಿ ನನಗೆ. ಹಸಿದದ್ದು ತಪ್ಪಲ್ಲ, ಮುಚ್ಚಿಟ್ಟದ್ದಕ್ಕೂ ನನಗೆ ಕೋಪವಿಲ್ಲ. ಆದರೆ ಉಂಡ ಮನೆಯ ಗಳ ಎಣಿಸಬಾರದು ಎನ್ನುತ್ತಾರೆ. ನೀವು ಆ ಮಠದ ಸೂರಿನ ಗಳವನ್ನು ಎಂದೋ ಮಾರಿ ಈಗ ಗೋಡೆಗೆ ಕೈ ಹಾಕಿದ್ದೀರಿ. ಆಳುಗಳನ್ನು ಮನೆಗೆ ಕಳಿಸಿದ್ದೇನೆ. ಆ ಗೋಡೆ ಬಿದ್ದ ದಿನ ನಾನೂ ನಿಮ್ಮ ಮನೆಯಲ್ಲಿರುವುದಿಲ್ಲ.

ನಿಮ್ಮವಳಾಗಿಯೇ ಇರಲು ಬಯಸುವ,
ಜೆನೆಟ್

ತಾ.ಕ.: ಕಾಗದ ಮಡಿಸುವಷ್ಟರಲ್ಲಿ ಸುದ್ದಿ ಬಂತು. ಆಸ್ವಾಲ್ಡ್ ಸ್ವಾಮಿ ತೀರಿಕೊಂಡರು. ಅವರ ಜಾಗದಲ್ಲಿ ಇಂದಿನ ಊಟ ನಾನೇ ಇಟ್ಟೆ. ನಾಳೆಯದು ಗಿಲ್ಬರ್ಟನ ಹೆಂಡತಿಯದು. ಊರವರು ಸರದಿ ಹಂಚಿಕೊಂಡಿದ್ದಾರೆ. ಕೊನೆಯ ದಿನದ ಪಾಲು ನಿಮಗಿರಲಿ ಎಂದು ಕೇಳಿಕೊಂಡಿದ್ದೇನೆ. ಹಸಿದು ಬನ್ನಿ.