ತಗಡಿನ ಕೆಳಗೆ ಕಂಸನ ಅಪ್ಪಣೆ

ಏಪ್ರಿಲ್ 16, ಟಿಟಿಲಾಗಢ, ಒಡಿಶಾ

ಕೇಳಿರಯ್ಯಾ, ಮಥುರೆಯ ಮಹಾಜನಗಳಿರಾ!

ಡೈರಿಗೂ ಇದೇ ಶುರು. ಎದುರಿಗಿರುವ ಪ್ರಜೆ ಒಂದೇ ಒಂದು ಹಲ್ಲಿ. ಚಟ ಬಿಡದು.

ಇಂದೂ ಆಟೋ, ಮೈಕು. ಚಳಿಗಾಲದಲ್ಲಿ ಊರೇ ಮಥುರೆಯಾಗುವ ಧನುಯಾತ್ರೆಯ ಆಟದಲ್ಲಿ ಕಂಸನ ವೇಷ ನನ್ನದೇ. ಆನೆ ಮೇಲೆ ಕೂತು ಊರಿಗೆಲ್ಲ ಅಪ್ಪಣೆ, ಮೀರಿದವರಿಗೆ ದಂಡ. ಆಗ ಪೊಲೀಸರೂ ಕೈಮುಗಿಯುತ್ತಾರೆ. ಬೇಸಿಗೆಯಲ್ಲಿ ಅದೇ ಗಂಟಲು ಪುರಸಭೆಯ ಬಿಸಿಲಿನ ಎಚ್ಚರಿಕೆಗೆ: "ಎಲವೋ ಪ್ರಜೆಗಳಿರಾ! ಮಧ್ಯಾಹ್ನ ಯಾರೂ ಹೊಸ್ತಿಲು ದಾಟಕೂಡದು! ಇದು ಕಂಸನ ಅಪ್ಪಣೆ!"

ರಸ್ತೆ ಖಾಲಿ! ಮೀಸೆ ತಾನಾಗಿಯೇ ಮೇಲೆದ್ದಿತು.

ಸಂಜೆ ಮಾವುಸಿಯ ಮನೆ. ಅಮ್ಮ ಹೋದ ಮೇಲೆ ಸಾಕಿದ ಚಿಕ್ಕಮ್ಮ. ಒಂದೇ ಕೋಣೆ, ತಗಡಿನ ಸೂರು. ಅಂಗಳದ ತುಳಸಿಯ ಮೇಲೆ ಮೊನ್ನೆಯ ಮೇಷ ಸಂಕ್ರಾಂತಿಯ ಮಡಕೆ ಕಟ್ಟಿದ್ದಾಳೆ. ತಳದ ತೂತಿನಿಂದ ತೊಟ್ಟು ತೊಟ್ಟು ನೀರು, ಮೇಲೆ ಮಾವಿನೆಲೆಯ ನೆರಳು.

"ಬಾರೋ ರಾಕ್ಷಸ. ಕಿರುಚಿ ಕಿರುಚಿ ಹಸಿದಿರ್ತೀಯ."

ಪಖಾಳ. ನೀರಲ್ಲಿ ನೆನೆಸಿದ ತಣ್ಣನೆಯ ಅನ್ನ, ಹಸಿ ಈರುಳ್ಳಿ, ಹುರಿದ ಬದನೆ. ಸ್ವರ್ಗ.

ಮೇ 3

ಆಸ್ಪತ್ರೆಯ ಡಾಕ್ಟರಮ್ಮ, ಇತಿಶ್ರೀ ಪಧಾನ್, ಆಟೋ ನಿಲ್ಲಿಸಿದರು.

"ಗದಾಧರ ಬಾಬು, ನಾನು ಹೊಸದಾಗಿ ಬಂದಾಗ ಬೇಸಿಗೇಲಿ ರಸ್ತೆ ಮೇಲೆ ಬಿದ್ದ ಕೂಲಿಯವರನ್ನೇ ಹೊತ್ತು ತರ್ತಿದ್ರು. ವರ್ಷ ವರ್ಷಕ್ಕೂ ಕಡಿಮೆ ಆಗ್ತಿದಾರೆ."

"ಹಾಗಾದ್ರೆ ಕಂಸನಿಗೊಂದು ಹಾರ?"

"ತಡೀರಿ ಮಹಾರಾಜ. ಈಗ ಸಾಯ್ತಿರೋರು ಮುದುಕಿಯರು. ಬಿಸಿಲನ್ನೇ ಕಂಡಿರಲ್ಲ. ಬಿಸಿಗಾಳಿ ಎದ್ದು ಎರಡು ಮೂರು ದಿನಕ್ಕೆ, ಮನೆ ಒಳಗೇ. ಎದೆನೋವು, ಕಿಡ್ನಿ ಅಂತ ಬರೀತೀವಿ. ಬಿಸಿಲಿನ ಸಾವು ಅಂತ ಯಾರೂ ಎಣಿಸಲ್ಲ."

ಒಳಗಿದ್ದವರು ಬಿಸಿಲಿಗೆ ಹೇಗೆ...? ಕೇಳಬೇಕಿತ್ತು. ಆಟೋದವನು ಹಾರ್ನ್ ಹೊಡೆದ.

ಮೇ 19

ನಲವತ್ತಾರು ಡಿಗ್ರಿ. ಗಂಟಲು ಹರಿದಿದೆ. ಆದರೂ ಪುರಸಭೆಗೆ ಬೇರೆಯವನು ಬೇಡ, ಕಂಸನೇ ಬೇಕಂತೆ. ಮಾವುಸಿಯ ಕಡೆ ಹೋಗಲಾಗಿಲ್ಲ. ಒಳಗಿರುತ್ತಾಳೆ. ಭಯವಿಲ್ಲ.

ಮೇ 21, ಮಧ್ಯಾಹ್ನ, ಆಸ್ಪತ್ರೆ

ಬರೆಯದಿದ್ದರೆ ಕಿರುಚಿಬಿಡುತ್ತೇನೆ.

ಮಾವುಸಿಯ ಗಲ್ಲಿಗೆ ಹೋದೆ. ಅಪ್ಪಣೆ ಕೂಗಿದೆ. "ರಾಕ್ಷಸ" ಎನ್ನುವ ಬೈಗುಳ ಒಳಗಿನಿಂದ ಬರಬೇಕಿತ್ತು. ಬರಲಿಲ್ಲ. ಬಾಗಿಲಿಗೆ ಒಳಚಿಲಕ. ಕಿಟಕಿಗೆ ಹಳೆ ಸೀರೆ ತುರುಕಿದ್ದಳು, ಬಿಸಿಗಾಳಿ ನುಗ್ಗದಿರಲೆಂದು. ಒದ್ದು ತೆರೆದೆ. ತಗಡು ಕಾದು ಕೋಣೆಯೇ ಒಲೆಯ ಬಾಯಿ! ನೆಲದ ಮೇಲೆ ಮಾವುಸಿ, ಮೈಮೇಲೆ ಬೆವರಿನ ಹನಿಯಿಲ್ಲ. ಕಾದ ಹಂಚು. ಏನೇನೋ ತೊದಲುತ್ತಿದ್ದಳು.

ಪಕ್ಕದ ಮನೆಯ ಝುಮಾಳ ಮೇಲೆ ಹರಿಹಾಯ್ದೆ. "ಬೇವಿನ ನೆರಳಿಗಾದ್ರೂ ಕರೀಬಾರ್ದಾ?"

"ಕರೆದೆ ಭಾಯ್. ದಿನಾ ಕರೆದೆ. 'ಕಂಸ ಮಹಾರಾಜನ ಅಪ್ಪಣೆ ಮೀರ್ಲಾ? ದಂಡ ಹಾಕ್ತಾನೆ ಕಣೇ' ಅಂತ ನಕ್ಕು ಚಿಲಕ ಹಾಕ್ಕೊಂಡ್ರು."

ಆಟದಲ್ಲಿ ದೇವಕಿಯನ್ನು ಸೆರೆಗೆ ಹಾಕುವಾಗ ಊರೆಲ್ಲ ಚಪ್ಪಾಳೆ ತಟ್ಟುತ್ತದೆ. ಇಲ್ಲಿ ಚಿಲಕವನ್ನೂ ಅವಳೇ ಹಾಕಿಕೊಂಡಳು. ನನ್ನ ಮಾತಿಗೆ.

ಅಂಗಳದಲ್ಲಿ, ತೊಟ್ಟಿಕ್ಕುವ ಮಡಕೆಯ ಕೆಳಗೆ, ತುಳಸಿ ಹಸಿರಾಗಿತ್ತು.

ಮೇ 22, ಸಂಜೆ

ಮೈಮೇಲೆ ಒದ್ದೆ ಬಟ್ಟೆ, ಐಸು, ಎರಡು ಫ್ಯಾನು. ಜ್ವರ ಇಳಿದಿದೆ. "ಕಿಡ್ನಿ ನೋಡ್ಬೇಕು, ಈಗ್ಲೇ ಏನೂ ಹೇಳಲಾರೆ" ಎಂದರು ಡಾಕ್ಟರಮ್ಮ.

ಮಾವುಸಿ ಕಣ್ಣು ಬಿಟ್ಟಳು. ತುಟಿ ಒಡೆದಿದೆ.

"ರಾಕ್ಷಸ... ಹೊಸ್ತಿಲು ದಾಟಿಬಿಟ್ಟೆನಲ್ಲೋ. ದಂಡ ಎಷ್ಟು?"

ಒದ್ದೆ ಬಟ್ಟೆಯ ತುದಿಯಿಂದ ಅವಳ ತುಟಿ ಸವರಿದೆ.

ಪುರಸಭೆ ಏನಾದರೂ ಅನ್ನಲಿ. ನಾಳೆ ಬೆಳಗ್ಗೆ, ಬಿಸಿಲೇರುವ ಮೊದಲು, ಕಂಸನ ಹೊಸ ಅಪ್ಪಣೆ: ತಗಡಿನ ಸೂರಿನವರೆಲ್ಲ ಹೊಸ್ತಿಲು ದಾಟಿರಿ! ಬೇವಿನ ಕೆಳಗೆ, ಶಾಲೆಯ ಜಗಲಿಗೆ! ಒಳಗುಳಿದವರಿಗೇ ದಂಡ! ಪ್ರತಿ ಬಾಗಿಲಿಗೂ ನಾನೇ ಹೋಗುತ್ತೇನೆ. ಆಮೇಲೆ ಮಾವುಸಿಯ ತಗಡಿನ ಮೇಲೆ ಹುಲ್ಲು ಹೊದಿಸಿ, ಅದರ ಮೇಲೆ ತೂತಿನ ಮಡಕೆ ಇಟ್ಟು, ತುಳಸಿಗೆ ಇಟ್ಟ ಹಾಗೆಯೇ, ತೊಟ್ಟು ತೊಟ್ಟು...