ಬೆಂದದ್ದು ಹಸಿ ಹೇಗಾಗುತ್ತೆ?

ಜೂನ್ 3, ಮಂಗಳವಾರ

ಮತ್ತೆ ಕೆಂಪು ಸ್ಟಿಕ್ಕರ್. ನಮ್ಮ ಬಾಗಿಲಿಗೇ. ಹಾಲು ತೆಗೆದುಕೊಳ್ಳಲು ಹೋದರೆ ಕಸದ ಚೀಲ ಹೊಸ್ತಿಲಲ್ಲಿ ಕೂತಿದೆ, ಜಗಳವಾಡಿ ಹೊರಟವರು ಬಸ್ಸು ಸಿಗದೆ ವಾಪಸು ಬಂದ ಹಾಗೆ. ಬೆರಕೆ ಕಸವನ್ನು ಗಾಡಿಯವರು ಒಯ್ಯುವುದಿಲ್ಲ, ಬಾಗಿಲಿಗೆ ಸ್ಟಿಕ್ಕರ್ ಅಂಟಿಸಿ ಬಿಟ್ಟುಹೋಗುತ್ತಾರೆ. ಈ ನಿಯಮ ತರಿಸಿದವಳು ನಾನೇ. ಕಟ್ಟಡದ ಮೀಟಿಂಗಿನಲ್ಲಿ ಭಾಷಣ ಮಾಡಿ, ಚಪ್ಪಾಳೆ ಬೇರೆ ತಟ್ಟಿಸಿಕೊಂಡಿದ್ದೆ.

ಚೀಲ ಬಿಚ್ಚಿದೆ. ಒಣ ಕಸದಲ್ಲಿ ಈರುಳ್ಳಿ ಸಿಪ್ಪೆ, ಕಿಟಕಿಯಲ್ಲಿ ಒಣಗಿ ಗರಿಗರಿಯಾದ ಕಿತ್ತಳೆ ಸಿಪ್ಪೆ. ಹಸಿ ಕಸದಲ್ಲಿ? ತೊಳೆದು ನೀರು ತೊಟ್ಟಿಕ್ಕುವ ಹಾಲಿನ ಕವರು.

ಅತ್ತೆಯ ಕೆಲಸ. ನಮ್ಮಲ್ಲಿಗೆ ಇರಲು ಬಂದಾಗ "ಸುಮ್ಮನೆ ಕೂತು ತಿನ್ನೋಕಾಗಲ್ಲ, ನನಗೂ ಏನಾದ್ರೂ ಕೆಲಸ ಕೊಡು" ಎಂದಿದ್ದರು. ಅಡುಗೆಮನೆಯ ಕಸ ಬೇರೆ ಮಾಡುವುದನ್ನು ಕೊಟ್ಟೆ. ಸುಲಭ ಅಂದುಕೊಂಡು...

"ಅತ್ತೆ, ಸಿಪ್ಪೆ ಹಸಿ ಕಸ."

"ಮುಟ್ಟಿ ನೋಡು. ಎಲ್ಲಿದೆ ಹಸಿ?"

"ಕವರು ಒಣ ಕಸ."

"ನೀರು ಸೋರ್ತಿದೆಯಲ್ಲೇ!"

"ಹಾಗಲ್ಲ. ಅನ್ನ, ತರಕಾರಿ, ಇಂಥದ್ದೆಲ್ಲ ಹಸಿ."

"ಅನ್ನ ಹಸಿನಾ?" ನನ್ನ ಮುಖವನ್ನೇ ನೋಡಿದರು. "ಬೆಂದದ್ದು ಹಸಿ ಹೇಗಾಗುತ್ತೆ? ಎಂ.ಎ.ನಲ್ಲಿ ಇದನ್ನೇನಾ ಓದಿಸಿದ್ದು ನಿನಗೆ?"

ಅಮ್ಮನ ಮಾತಿಗೆ ಇವರು ಪೇಪರಿನ ಹಿಂದೆ ನಗುತ್ತಿದ್ದರು. ಪೇಪರು ಅಲುಗಾಡುತ್ತಿತ್ತು.

ಜೂನ್ 5

ಕವನ ಸಂಕಲನ ತೆರೆದು ಕೂತೆ. ಒಂದು ಪುಟವೂ ದಾಟಲಿಲ್ಲ. ಕವಿತೆಯಲ್ಲಿ ಒಂದು ಪದ ಎರಡು ಅರ್ಥ ಕೊಟ್ಟರೆ ಖುಷಿಯಿಂದ ಗೆರೆ ಎಳೆದಿಡುತ್ತೇನೆ. ಬುಟ್ಟಿಯ ಮೇಲೆ ಅಂಟಿಸಿದ ಪದ ಹಾಗೆ ಮಾಡಿದರೆ ಮೈಯೆಲ್ಲ ಉರಿ.

ಇವರೇನು ಕಡಿಮೆಯೇ. ಬಿಸ್ಕತ್ತಿನ ಪೊಟ್ಟಣವನ್ನು ಸಿಂಕಿನ ಪಕ್ಕ ಬಿಟ್ಟು ಹೋಗುತ್ತಾರೆ. ಅದಕ್ಕೆ ಕಾಲು ಮೂಡಿ ತಾನಾಗಿಯೇ ಬುಟ್ಟಿಗೆ ನಡೆಯುತ್ತದೆಂಬ ನಂಬಿಕೆ. ಸ್ಟಿಕ್ಕರಿನ ಗೋಳು ಹೇಳಿಕೊಂಡರೆ, "ಇದು ಹಸಿ ಅವಮಾನಾನೋ ಒಣ ಅವಮಾನಾನೋ?"

ಪೊಟ್ಟಣವನ್ನು ತಂದು ಇವರ ಪೇಪರಿನ ಮೇಲಿಟ್ಟೆ.

ಜೂನ್ 7, ಶನಿವಾರ

ಇನ್ನೊಂದು ಸ್ಟಿಕ್ಕರ್. ಅದನ್ನು ಉಗುರಿನಲ್ಲಿ ಕೆರೆಯುತ್ತಿರುವಾಗಲೇ ಕಟ್ಟಡದ ಸೆಕ್ರೆಟರಿ ಮೆಟ್ಟಿಲು ಹತ್ತಿ ಬರಬೇಕೇ!

"ಏನ್ ಮೇಡಂ, ಒಣ ಭಾಷಣ ಆಗೋಯ್ತಲ್ಲ ನಿಮ್ದು."

ಬಾಯಿಗೆ ಬಂದದ್ದು ಬಂದೇಬಿಟ್ಟಿತು — "ನಾನಲ್ಲ ಸಾರ್, ನಮ್ಮತ್ತೆ. ವಯಸ್ಸಾಯ್ತಲ್ಲ, ತಲೆ ಅಷ್ಟು ಓಡಲ್ಲ ಈಗ."

ತಿರುಗಿದರೆ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಅತ್ತೆ. ಕೈಯಲ್ಲಿ ಹಾಲಿನ ಕವರು, ಸೆರಗಿನಿಂದ ಒರೆಸುತ್ತಿದ್ದರು. ಒಣಗಿಸುತ್ತಿದ್ದರು — ನಾನು ಹೇಳಿದ್ದಕ್ಕೆ.

ಹಸಿ ಸುಳ್ಳು ಎಂದರೆ ಇದೇ. ಅವರ ತಲೆ ನನ್ನದಕ್ಕಿಂತ ಚುರುಕು.

ಜೂನ್ 15, ಭಾನುವಾರ

ಇಡೀ ವಾರ ಒಂದೂ ಸ್ಟಿಕ್ಕರ್ ಇಲ್ಲ. ಸೆಕ್ರೆಟರಿ ಲಿಫ್ಟಿನಲ್ಲಿ ಹೆಬ್ಬೆರಳು ಎತ್ತಿ ತೋರಿಸಿದರು. ಖುಷಿಯಾಗಬೇಕಿತ್ತು.

ಅತ್ತೆ ಅಡುಗೆಮನೆಗೆ ಕಾಲಿಡುತ್ತಿಲ್ಲ. ಕೇಳಿದ್ದಕ್ಕೆ ಹೂಂ, ಉಹೂಂ. ಬಿಟ್ಟರೆ ಟಿ.ವಿ. ಎಲ್ಲ ಕಸವೂ ಈಗ ನನ್ನ ಪಾಲಿಗೆ. ಚೀಲ ಕಟ್ಟುವಾಗ ಏನೋ ಸರಿಯಿಲ್ಲ ಅನ್ನಿಸಿತು. ಹಸಿ ಬುಟ್ಟಿ ಹಗುರ. ಏನಿಲ್ಲ ಇದರಲ್ಲಿ?

ಜೂನ್ 17, ಸಂಜೆ

ಗೊತ್ತಾಯಿತು. ಬಾಳೆಹಣ್ಣಿನ ಸಿಪ್ಪೆ. ದಿನಾ ಸಂಜೆ ಒಂದು ಹಣ್ಣು ತಿನ್ನದೆ ಅತ್ತೆಗೆ ದಿನ ಮುಗಿಯುತ್ತಿರಲಿಲ್ಲ. ಮೇಜಿನ ಮೇಲೆ ಚಿಪ್ಪು ಹಾಗೇ ಕಪ್ಪಗಾಗಿದೆ. ಕಿತ್ತಳೆ ಮೆತ್ತಗಾಗಿದೆ. ಇಷ್ಟು ದಿನ ಊಟದ ಮೇಜಿನಲ್ಲಿ ಎದುರೇ ಕೂತು ಕಾಣದ್ದು ಬುಟ್ಟಿಯಲ್ಲಿ ಕಂಡಿತು. ಬುಟ್ಟಿಯಲ್ಲಿ ಅತ್ತೆ ಇಲ್ಲ.

"ಹಣ್ಣು ಯಾಕೆ ತಿಂತಿಲ್ಲ ಅತ್ತೆ?"

"ತಿಂದ್ರೆ ತಾನೇ ಸಿಪ್ಪೆ? ಕಸ ಕಡಿಮೆ ಮಾಡಿ ಅಂತ ಭಾಷಣ ಬಿಗಿದೋಳು ನೀನೇ."

"ಅವತ್ತು ಬಾಗಿಲ ಹತ್ತಿರ ನಾನು ಅಂದಿದ್ದು..."

"ಯಾವತ್ತು? ನನಗೆಲ್ಲಿ ನೆನಪಿರುತ್ತಮ್ಮ. ತಲೆ ಓಡಲ್ವಲ್ಲ."

ಟಿ.ವಿ. ಸದ್ದು ಜೋರು ಮಾಡಿದರು.

ಜೂನ್ 18

ನಾದಿನಿಯ ಫೋನು. "ಅತ್ತಿಗೆ, ಏನಾಯ್ತು? ಅಮ್ಮ ಇಲ್ಲಿಗೇ ಬಂದುಬಿಡ್ತೀನಿ ಅಂತಿದ್ದಾಳೆ. ನಿಮ್ಮನೇಲಿ ಒಂದೇ ಬುಟ್ಟಿ ತಾನೇ, ಒಂದೇ ಬುಟ್ಟಿ ತಾನೇ ಅಂತ ಕೇಳಿದ್ದೇ ಕೇಳಿದ್ದು."

ಭಾನುವಾರ ಕಾರು ತರುತ್ತಾಳಂತೆ.

ಇವರು ಈಗ ನಗುತ್ತಿಲ್ಲ.

"ನೀನೇ ಹೋಗಿ ಮಾತಾಡು."

"ನಿಮ್ಮಮ್ಮ."

"ನಿನ್ನ ಬುಟ್ಟಿ."

ಪದಗಳನ್ನೇ ನೆಚ್ಚಿಕೊಂಡು ಇಷ್ಟು ವರ್ಷ ಓದಿದ್ದೇನೆ. ಬೇಕಾದ ಒಂದೇ ಒಂದು ಪದ, "ತಪ್ಪಾಯ್ತು", ಬಾಯಿಗೆ ಬರುತ್ತಿಲ್ಲ. ಅತ್ತೆಯ ಕೋಣೆಯವರೆಗೆ ಹೋದೆ. ಸೀರೆ ಮಡಚುತ್ತಿದ್ದರು. ಟವೆಲ್ ಬೇಕಾ ಎಂದು ಕೇಳಿ ಬಂದೆ. ಟವೆಲ್!

ಜೂನ್ 22, ಭಾನುವಾರ, ಬೆಳಗ್ಗೆ

ಸೆಕ್ರೆಟರಿಯನ್ನು ಬಾಗಿಲಿಗೇ ಕರೆದೆ. ಬಾಗಿಲನ್ನು ಪೂರ್ತಿ ತೆರೆದಿಟ್ಟು, ಒಳಗೆ ಕೇಳುವಷ್ಟು ಗಟ್ಟಿಯಾಗಿ — "ಸಾರ್, ನಮ್ಮತ್ತೆ ತಲೆ ಚೆನ್ನಾಗೇ ಓಡುತ್ತೆ. ಅವತ್ತು ನಾನು ಹೇಳಿದ್ದು ಸುಳ್ಳು. ತಪ್ಪು ನನ್ನದು. ಆ ಪದದ್ದೂ ಸ್ವಲ್ಪ."

"ಯಾವ ಪದ ಮೇಡಂ?"

"ಹಸಿ."

"ಹಸಿವಾ? ಇನ್ನೂ ತಿಂಡಿ ಆಗಿಲ್ವಾ?"

ಒಳಗೆ ಅತ್ತೆ ಕೆಮ್ಮಿದರು. ಕೆಮ್ಮಲ್ಲ ಅದು.

ಆಮೇಲೆ ಬುಟ್ಟಿಗಳ ಮೇಲಿನ ಹಳೇ ಚೀಟಿ ಕಿತ್ತು ಹೊಸದು ಅಂಟಿಸಿದೆ. ಒಂದಕ್ಕೆ "ಕೊಳೆಯೋದು". ಇನ್ನೊಂದಕ್ಕೆ "ಕೊಳೆಯದ್ದು". ಅತ್ತೆ ಕನ್ನಡಕ ಹಾಕಿಕೊಂಡು ಬಂದು ಓದಿದರು. ಎರಡು ಸಲ.

"ಇಷ್ಟು ಹೇಳೋಕೆ ಇಷ್ಟು ದಿನ ಬೇಕಾಯ್ತಾ ನಿನಗೆ?"

"ಹೂಂ ಅತ್ತೆ."

"ಅನ್ನ ಇದರಲ್ಲಿ. ಕವರು ಅದರಲ್ಲಿ. ಹಸಿಯಾದ್ರೂ ಅದರಲ್ಲೇ."

"ಹೂಂ."

"ಎಂ.ಎ. ಅಂತೆ ಎಂ.ಎ."

ನಿನ್ನೆ ತಂದ ಹಣ್ಣು ಕೊಟ್ಟೆ. ತೆಗೆದುಕೊಂಡರು. ಆದರೆ ಬ್ಯಾಗು ಬಾಗಿಲ ಹತ್ತಿರವೇ ಇದೆ, ಜಿಪ್ಪು ಎಳೆದು, ಮೇಲೊಂದು ಕೊಡೆ ಇಟ್ಟು. ಕೇಳಲು ಧೈರ್ಯವಿಲ್ಲ. ಎದುರು ನಿಂತು ನೋಡಲೂ ಆಗದೆ ಇಲ್ಲಿ ಬಂದು ಬರೆಯುತ್ತಿದ್ದೇನೆ.

ಕೆಳಗೆ ನಾದಿನಿಯ ಹಾರ್ನ್.

ಇವರು ಬಾಲ್ಕನಿಗೆ ಓಡಿದರು. ಅಡುಗೆಮನೆಯಿಂದ ಅತ್ತೆಯ ದನಿ — "ಅವಳಿಗೆ ಮೇಲೆ ಬಾ ಅನ್ನು. ನಾನು ತಿಂತಾ ಇದ್ದೀನಿ."

ಮತ್ತೆ ದನಿ. ಈ ಸಲ ನನ್ನನ್ನೇ. ಹಣ್ಣಿನ ಮೇಲೆ ಅಂಗಡಿಯವರು ಅಂಟಿಸಿರುತ್ತಾರಲ್ಲ, ಆ ಪುಟ್ಟ ಸ್ಟಿಕ್ಕರ್ ಸಿಪ್ಪೆಯಿಂದ ಬಿಡುತ್ತಿಲ್ಲವಂತೆ. "ಸಿಪ್ಪೆ ಕೊಳೆಯುತ್ತೆ, ಇದು ಕೊಳೆಯಲ್ಲ. ಎರಡೂ ಅಂಟಿಕೊಂಡಿದೆಯಲ್ಲೇ, ಈಗ ಯಾವ ಬುಟ್ಟಿಗೆ?"

ದೇವರೇ, ಇದಕ್ಕೇನು ಹೇಳಲಿ... ಹೋಗಬೇಕು, ಇಲ್ಲದಿದ್ದರೆ ಸಿಪ್ಪೆ ಹಿಡಿದು ಇಲ್ಲಿಗೇ —